ಅಣ್ಣನ ಅಂಜಿಕಿಗೆ ಭಂಡಾರ ಹಾರಿಸಿದ್ರು

ಅಲ್ಲಲೇ, ಹುಚ್ಚ ಅಂತ ಯಾರಿಗಂದಿ? ಸೈಕಲ್ಲಿನ ಟೈರ ಒಡದ ಸಪ್ಪಳಕ್ಕ ನಿಮ್ಮ ದೊಡ್ಡಜ್ಜ ತಲಿ ಮ್ಯಾಲ ಕೈ ಇಟಗೊಂಡು ಕಟ್ಟಿ ಕೆಳಗ ಮುದ್ದಿಯಾಗಿ ಕುಂತಾ ಅಂತ ನಗಾಕತ್ತೀರಿ, ಹೌದಿಲ್ಲೋ? ಬರ್ರಿ, ಕುಂದರ್ರಿ ಇಲ್ಲೆ. ಇದೇನೂ ಅಲ್ಲ. ಈಗ ಅಂವಾ ಎಷ್ಟೋ ಸುಧಾರಿಸ್ಯಾನ. ನೀವು ಆವಾಗ ನೋಡಬೇಕಾಗಿತ್ತು, ಶ್ರೀಲಂಕಾದಿಂದ ಬಂದಾಗ.

ನಾ ಆಗ ಊರಾಗ ನಿಲ್ಲೂ ಮನಷ್ಯಾನ ಅಲ್ಲ. ಮೂರನೇತ್ತಾದಾಗ ಸಾಲಿ ಬಿಟ್ಟಾಂವ, ಒಂದಿಷ್ಟು ದಿನ ಕುರಿ ಹಿಂದ, ಒಂದಿಷ್ಟು ದಿನ ನಿಪ್ಪಾಣಿ ತಂಬಾಕ ಲಾರಿ ಮ್ಯಾಲ ಕ್ಲೀನರ್, ಆಮ್ಯಾಲ ಸಾಂಗಲಿಯೊಳಗ ಅರಿಷಿಣದ ಗೋದಾಮು, ಅದೂ ಬ್ಯಾಸರಾತು. ಕುಂತಲ್ಲೆ ಕುಂದ್ರಾಕ ನನಗ ಆಗೂದಿಲ್ಲ, ಈಗೂ ಆಗೂದಿಲ್ಲ, ನೋಡ್ರಿ ಕಾಲ ಹೆಂಗ ಅಲಗ್ಯಾಡಾಕತ್ತೈತಿ. ನಮ್ಮಣ್ಣ ಮಾಳಪ್ಪ, ಅಂದ್ರ ನಿಮ್ಮ ದೊಡ್ಡಜ್ಜ, ಹಂಗಲ್ಲ. ಥಂಡ ಮನಷ್ಯಾ. ಮಿಲ್ಟ್ರಿಗೆ ಹೋದಾಗ ಸೈತ ಏನೋ ಮಾವನ ಮನಿಗೆ ಹೊಂಟಾಂವಂಗ ಹೋದ. ಅಲ್ಲೆ ಶ್ರೀಲಂಕಾದಾಗ ನೆಲದೊಳಗ ಹುಗದಿಟ್ಟ ಬಾಂಬು ಸಿಡದು ತಲೀಗೆ ಪೆಟ್ಟ ಬಿತ್ತು. ಪುಣಾದ ಮಿಲ್ಟ್ರಿ ದವಾಖಾನಿಯೊಳಗ ಭಾಳ ದಿನ ಇಟಗೊಂಡು, ಪಿನ್ಸನ್ ಕೊಟ್ಟು, ಒಂದು ಚೀಲ ಗುಳಗಿ ಕೊಟ್ಟು ಕಳಿಸಿದ್ರು. ನಾ ಸುದ್ದಿ ಕೇಳಿ ಬಂದು ನೋಡತೀನಿ, ಆಳು ಅಂವನ ಅದಾನ, ಒಳಗಿನಾಂವ ಬ್ಯಾರೆ. ತಲಿ ಸೀಳತೈತಿ ಅಂತಿದ್ದ. ಬಿಸಲಿಗೆ ಕಣ್ಣ ತೆರೀತಿದ್ದಿಲ್ಲ. ತಂಬಗಿ ಅನ್ನೂ ಮಾತ ನೆನಪಾಗಲಿಲ್ಲಂದ್ರ ಸಿಟ್ಟಿಗೆದ್ದು ಆ ತಂಬಗೀನ ಗ್ವಾಡಿಗೆ ಒಗೀತಿದ್ದ. ಮತ್ತ ಎಲ್ಲಾಕ್ಕಿಂತ ದೊಡ್ಡದು, ನೆಲಾ. ಡಾಂಬರ್ ರಸ್ತೆ ಇಳಿದು ಮಣ್ಣಿನ ಮ್ಯಾಲ ಕಾಲ ಇಡೂದಿಲ್ಲ. ಕುರುಬರ ಮನಿ, ಹೊಲದಾಗ ಹಟ್ಟಿ, ಅಂವಾ ನೋಡಿದ್ರ ಮಣ್ಣಿಗೆ ಅಂಜತಾನ! ರಸ್ತೆಯಿಂದ ಮನಿತನಕ ನಮ್ಮ ಕಸ್ತೂರಿ ವೈನಿ, ಅಣ್ಣನ ಹೆಂಡತಿ, ಅಂದ್ರ ನಿಮ್ಮ ದೊಡ್ಡಜ್ಜಿ, ಪರ್ಸಿ ಕಲ್ಲ ಹಾಸಿದ್ಲು. ಕಲ್ಲಿನಿಂದ ಕಲ್ಲಿಗೆ ಕಾಲ ಇಟ್ಟು ಬರತಿದ್ದ, ಹಳ್ಳ ದಾಟಿದಂಗ.

ನಮ್ಮ ಸಿದ್ದು ಕಾಕಾ ಬೀರದೇವರ ಪೂಜಾರಿ. ಅಂವಾ ನೋಡಿದ, ಹುಡುಗ ನಡಗತಾನ, ಒದರತಾನ, ಕಣ್ಣ ಮ್ಯಾಲ ಮಾಡತಾನ. ಇನ್ನೇನು ಬೇಕು? "ಮೈಯಾಗ ದೇವರು ಬಂದಾನ, ಗುಡಿಗೆ ಕರಕೊಂಬರ್ರಿ" ಅಂದ. ಕಂಬಳಿ ಹಾಸಿ ಕುಂದ್ರಿಸಿ ಡೊಳ್ಳ ಬಾರಿಸಿದ್ರು. ಡೊಳ್ಳಿನ ಮೊದಲನೇ ಪೆಟ್ಟಿಗೆ ಅಣ್ಣ ಅಂಗಾತ ಬಿದ್ದ, ಮತ್ತ ಹೊಳ್ಳಿ ಬಕ್ಕಬರಲಾಗಿ ತಲಿ ಮುಚಗೊಂಡು ಮರಾಠಿಯೊಳಗ ಚೀರಿದ, "ಜಮೀನೀಲಾ ಪಾಯ್ ಲಾವೂ ನಕಾ! ಮಾಗೆ ಸರಾ! ಮಾಗೆ ಸರಾ!" ನೆಲಕ್ಕ ಕಾಲ ಹಚ್ಚಬ್ಯಾಡ್ರಿ, ಹಿಂದ ಸರೀರಿ ಅಂತ. ಮಂದಿ ಮ್ಯಾಲಿಂದ ಅರಿಷಿಣದ ಭಂಡಾರ ಹಾರಿಸಿದ್ರು. ನಮ್ಮ ಓಣ್ಯಾಗ ರಾಯಪ್ಪ ಅಂತ ಒಬ್ಬ ಚಾಷ್ಟಿಖೋರ ಇದ್ದ, "ಅಲ್ಲೋ ಪೂಜಾರಿ, ಬೀರಪ್ಪ ಮರಾಠಿ ಯಾವಾಗ ಕಲತ?" ಅಂದ. ಕಾಕಾ ಏನಂತಾನ, "ಗಡಿ ಮ್ಯಾಗಿನ ದೇವರಲೇ ಅದು, ಎರಡೂ ಬರತಾವ. ಹೇಳಿಕಿ ಆತು. ನೆಲಾ ಮುಟ್ಟಬ್ಯಾಡ್ರಿ ಅಂದ, ಅಂದ್ರ ಬಿತ್ತಬ್ಯಾಡ್ರಿ ಅಂದ." ಮಂದಿ ಕೂರಿಗಿ ತಿರಗಿಸಿ ಮನಿಗೆ ತಂದ್ರು. ಈಗ ಕೇಳ್ರಿ ಮಜಾ. ಮಜಾ ಅಲ್ಲ ಅದು, ಕರ್ಮ. ಆ ವರ್ಷ ಮಳಿ ಒಂದ ಸಲ ಮಾರಿ ತೋರಿಸಿ ಹೋಗಿಬಿಡ್ತು. ಮಾತ ಕೇಳದ ಬಿತ್ತಿದವರ ಬೀಜ ಸುಟ್ಟಹೋತು, ಕೂರಿಗಿ ತಿರಗಿಸಿದವರ ಬೀಜ ಉಳೀತು. ಮುಗೀತಲ್ಲ! ರಾಯಬಾಗದಿಂದ ಮಂದಿ, ಐಗಳಿಯಿಂದ ಮಂದಿ. ಮಗಳಿಗೆ ಆ ವರಾ ನಡೀತಾನೋ, ಎಮ್ಮಿ ಗಬ್ಬ ಐತೋ, ಬೋರ ಎಲ್ಲಿ ಹೊಡಿಸೂದು. ಡೊಳ್ಳ ಬಡಿಯೂದು, ನಮ್ಮಣ್ಣ ಬೀಳೂದು. ಬಿದ್ದದ್ದಕ್ಕ ಅರ್ಥಾ ಮಾಡೂದು ಕಾಕಾ. ಮತ್ತ ದೇವರು ಮೈಯಾಗ ಇದ್ದಾಂವ ಗುಳಗಿ ನುಂಗಿದ್ರ ದೇವರಿಗೆ ಮೈಲಿಗಿ ಅಂತ ಆ ಚೀಲ ಒಯ್ದು ಯಡೂರ ಹೊಳೀಗೆ ಬಿಟ್ಟಬಂದ.

ನಾ ಬ್ಯಾಡ ಬ್ಯಾಡ ಅಂತ ಜಗಳ ತಗದೆ. "ನೀ ತಿರಗೂ ನಾಯಿ, ನಿನಗೇನ ತಿಳೀತೈತಿ" ಅಂದ್ರು. ಖರೇನೂ ಇತ್ತು, ತಿಳೀತಿದ್ದಿಲ್ಲ. ತಿಳದದ್ದು ವೈನಿಗೆ. ಅಕಿ ದಿನಾ ಮಧ್ಯಾಹ್ನ ಅಂವನ ತಲೀಗೆ ಒದ್ದಿ ಅರಬಿ ಇಟಗೊಂತ, ಕೇಳಿಕೊಂತ ಕೂಡತಿದ್ಲು. ಏನಾತು, ಎಲ್ಲಿ ಇದ್ರಿ, ಯಾರಿದ್ರು ಜೋಡಿ. ಒಂದೊಂದ ಮಾತ ಬರತಿತ್ತು, ಬಾವ್ಯಾಗಿನ ಕೊಡಾ ಎಳದಂಗ. ಶಿಂದೆ ಅಂತ ಕೊಲ್ಲಾಪುರ ಕಡೆ ಹುಡುಗ, ಜೀವದ ಗೆಳ್ಯಾ, ಮುಂದ ನಡದಿದ್ದ. ಅಣ್ಣಗ ಮಣ್ಣ ಎಬ್ಬಿಸಿದ್ದು ಕಂಡೈತಿ, ಒದರ್ಯಾನ, ಅಷ್ಟರೊಳಗ ಶಿಂದೆ ಕಾಲ ಇಟ್ಟಾನ.

ಹಿಂಗಿರಬೇಕಾದ್ರ ಒಂದ ಆಯಿತವಾರ ಗುಡಿ ತುಂಬ ಮಂದಿ. ಡೊಳ್ಳ ಬಾರಿಸಿದ್ರು. ಅವತ್ತ ಅಣ್ಣ ಒದರಲಿಲ್ಲ, ಸೆಟದ. ಕೈಕಾಲ ಬಡದು, ಬಾಯಾಗ ನೊರಿ ಬಂತು. ಮಂದಿ "ಜೋರ ಬಂತು, ಜೋರ ಬಂತು" ಅಂತ ಕೈ ಮುಗಿಯಾಕತ್ರು, ಒಬ್ಬಾಕಿ ತನ್ನ ಕೂಸಿನ್ನ ತಂದು ಅವನ ಕಾಲಿಗೆ ಹಚ್ಚಾಕತ್ಲು. ವೈನಿ ಸೆರಗ ಸೊಂಟಕ್ಕ ಸಿಗಿಸಿ ಹೆಂಗಸರ ನಡುವಿನಿಂದ ಎದ್ದಬಂದು, ಡೊಳ್ಳಿನಾಂವನ ಕೈಯಾಗಿನ ಬಾರಿಸೂ ಗುಣಿ ಕಸಗೊಂಡ್ಲು. ಹೆಂಗಸು ಡೊಳ್ಳ ಮುಟ್ಟೂದಂದ್ರ!

"ಅದು ದೇವರಲ್ಲರಿ" ಅಂದ್ಲು. "ಶಿಂದೆ ಅಂತ ಇವರ ಗೆಳ್ಯಾ. ಇವರ ಕಣ್ಣ ಮುಂದ ಹರದಹೋಗ್ಯಾನ. ಅವಗ ಕಾಲ ಇಡಬ್ಯಾಡ ಅಂತ ದಿನಾ ಒದರತಾರ ಇವರು. ನೀವು ಸತ್ತ ಹುಡುಗನ ಕಡೆ ಮಳಿ ಕೇಳಾಕ ಬರತೀರಿ!"

ಕಾಕಾ ಎದ್ದ, "ಏ ಕಸ್ತೂರಿ, ದೇವರಿಗೆ ಎದರಾಡತಿ? ವಂಶಾ ಉಳೀತೈತೇನ?"

"ವಂಶಾ ಇಲ್ಲೆ ಬಿದ್ದೈತಲ್ಲರಿ ಮಾವ, ನೊರಿ ಬಿಟಗೊಂಡು. ಉಳಸ್ರಿ ನೋಡೂಣು. ತಮ್ಮಾ, ಎತ್ತ ಅವರನ್ನ."

ನಾ ಎತ್ತಿದೆ. ರಾಯಪ್ಪ ಒಬ್ಬನ ಕೈ ಹಚ್ಚಿದ, ಚಾಷ್ಟಿ ಮಾಡತಿದ್ನಲ್ಲ, ಅಂವನ. ಮೋಟಾರದಾಗ ಅಣ್ಣ ಕುಂದ್ರೂದಿಲ್ಲ, ಅದರ ಭಾರಕ್ಕ ರಸ್ತೆ ಸಿಡೀತೈತಿ ಅಂತಾನ. ಚಕ್ಕಡಿಯೊಳಗ ರಾಯಬಾಗ ಟೇಸನ್ನಿಗೆ ಒಯ್ದು ರೈಲ ಹತ್ತಿಸಿದ್ವಿ. ಹಳಿ ಮ್ಯಾಲ ಹೋಗತೈತಿ, ಮಣ್ಣ ಮುಟ್ಟೂದಿಲ್ಲಂತ ಹೇಳಿದೆ, ಕುಂತ. ಮೀರಜದಾಗ ಒಬ್ಬ ಮರಾಠಿ ಡಾಕ್ಟರು. ಗುಳಗಿ ಒಮ್ಮೆಲೆ ಬಿಟ್ಟದ್ದಕ್ಕ ಫಿಟ್ಸ್ ಬಂದೈತಿ ಅಂದ್ರು, ಸಿಟ್ಟಿಗೂ ಎದ್ರು. ಆಮ್ಯಾಲ ವೈನಿ ಹೇಳಿದ್ದು ಎಲ್ಲಾ ಕೇಳಿದ್ರು, ಕೈಯಾಗಿನ ಪೆನ್ನ ಇಟ್ಟು ಕೇಳಿದ್ರು. "ತಲೀಗೆ ಬಡದದ್ದು ಒಂದು, ಮನಸಿಗೆ ಬಡದದ್ದು ಇನ್ನೊಂದು. ಎರಡೂ ಒಂದಕ್ಕೊಂದು ಹೆಣಕೊಂಡಾವ. ಒಂದಕ್ಕಷ್ಟ ಔಷಧ ಕೊಟ್ರ ಆಗೂದಿಲ್ಲ. ಗುಳಗಿ ನಾ ಕೊಡತೀನಿ, ಬಿಡಬ್ಯಾಡ್ರಿ. ಹಗಲೊತ್ತಿನ್ಯಾಗ ಅಂವಾ ಹೇಳಿದ್ದು ಕೇಳ್ರಿ, ಹೇಳಿದ್ದನ್ನ ಮತ್ತ ಹೇಳಿದ್ರೂ ಕೇಳ್ರಿ. ಅಂಜಿಕಿ ಎಲ್ಲಿ ಐತಿ ಅಲ್ಲಿಗೆ ನೂಕಬ್ಯಾಡ್ರಿ, ಕೈ ಹಿಡದು ಸೊಲ್ಪ ಸೊಲ್ಪ ಒಯ್ರಿ" ಅಂದ್ರು. ತಿಂಗಳಿಗೊಮ್ಮೆ ಕರಸತಿದ್ರು.

ಈಗ ಮಣ್ಣಿಗೆ ಹೆಂಗ ಒಯ್ಯೂದು? ಕೈ ಹಿಡದ ಎಳದ್ರ ನನ್ನ ಕೈಯ ಮುರೀತಿದ್ದ. ಆವಾಗ ನಮ್ಮ ಕುರಿ ಅಥಣಿ ಕಡೆ ಹೊಂಟಿದ್ವು, ಖಾಲಿ ಹೊಲದಾಗ ತರುಬಾಕ. ಗೊಬ್ಬರ ಆಗತೈತಿ ಅಂತ ರೈತರು ಕರದು ಕುರಿ ಕುಂದ್ರಸತಾರಲ್ಲ, ಅದಕ್ಕ. ಅಣ್ಣ ರಸ್ತೆ ದಂಡಿಗೆ ನಿಂತು ನೋಡಾಕತ್ತಿದ್ದ. ಹಿಂಡ ಅವನ ಮುಂದ ಹೊಲಕ್ಕ ಇಳೀತು. ಅಂವಾ ನೆಲಾ ನೋಡಿದ, ನನ್ನ ಮಾರಿ ನೋಡಿದ. "ಇಷ್ಟ ಕಾಲ ಬಿದ್ದಾವಲ್ಲೋ ತಮ್ಮಾ" ಅಂದ. "ಹೌದಣ್ಣಾ, ಒಂದ ಅಂಗುಲ ಬಿಟ್ಟಿಲ್ಲ ನೋಡ ಮಕ್ಳು" ಅಂದೆ. ಬಗ್ಗಿ ಗೊರಸಿನ ಗುರ್ತ ಮುಟ್ಟಿದ. ಆಮ್ಯಾಲ ಅದರ ಮ್ಯಾಲ ಕಾಲ ಇಟ್ಟ. ಏನೂ ಆಗಲಿಲ್ಲ. ಇನ್ನೊಂದ ಇಟ್ಟ. ಕುರಿ ತುಳದಲ್ಲಿ ಅಷ್ಟ ಇಡತಿದ್ದ, ಆಚೀಕಡೆ ಇಲ್ಲ. ಗುಳಗಿ ಚೀಲ ಸಾಮಾನ ಹೊರೂ ಕತ್ತೆಯ ಮ್ಯಾಲ ಹೇರಿ, ಆ ಸುಗ್ಗಿ ಎಲ್ಲಾ ಐಗಳಿ, ಅಥಣಿ, ಕಾಗವಾಡ ಅಂತ ನಡಸಿದೆ. ನನಗ ಒಂದ ಕಡೆ ನಿಲ್ಲಾಕಾಗೂದಿಲ್ಲ, ಅವಗ ನಿಂತ್ರ ತಲಿ ಸಿಡೀತೈತಿ, ಜೋಡಿ ಕೂಡಿತು. ನಡಕೊಂತ ಶಿಂದೆ ಸುದ್ದಿ ಹೇಳತಿದ್ದ, ಹೇಳಿ ಹೇಳಿ ಕಡೀಕ ಶಿಂದೆ ಮಾಡಿದ ಚಾಷ್ಟಿ ಸೈತ ನೆನಪಾಗಿ ನಕ್ಕ. ಪೂರಾ ಆರಾಮ ಆದ ಅನ್ನಾಂಗಿಲ್ಲ, ಸುಳ್ಳ ಹೇಳಬಾರದು, ಮಾತ ಈಗೂ ಮರೀತಾನ, ಗುಳಗಿ ಈಗೂ ಐತಿ. ಆದ್ರ ಒಂದಿನ ಮರಿಯೊಂದು ಮುಳ್ಳಕಂಟ್ಯಾಗ ಸಿಗಬಿತ್ತು, ಅಂವಾ ಬೈಕೊಂತ ಹಿಂಡ ತುಳಿಯಲಾರದ ನೆಲದಾಗ ಸೀದಾ ಹೋಗಿ ಬಿಡಿಸಿಕೊಂಡ ಬಂದ. ಬಂದಮ್ಯಾಲ ಹೊಳ್ಳಿ ನೋಡಿ ತಾನ ಬೆರಗಾದ.

ಮುಂದಿನ ಮುಂಗಾರಿಗೆ ಊರಿಗೆ ಬಂದ್ವಿ. ಬಂದದ್ದ ತಡಾ, ಕಾಕಾ ಮಂದೀನ ಕಟಗೊಂಡು ಅಂಗಳಕ್ಕ ಬಂದ. "ಮಾಳಪ್ಪಾ, ಬಿತ್ತೂಣೋ ಬ್ಯಾಡೋ? ಒಂದ ಮಾತ ಹೇಳ." ಅಣ್ಣ ರೊಟ್ಟಿ ತಿನ್ನಾಕತ್ತಿದ್ದ. ತಿಂದದ್ದ ನುಂಗಿ, ಥಂಡಗ, ಅಗದಿ ಮೊದಲಿನಂಗ ಅಂದ, "ನನಗೇನ ಗೊತ್ತೋ ಕಾಕಾ? ಮುಗಲ ನೋಡ, ನೆಲಾ ಕೆದರಿ ಹಸಿ ನೋಡ."

ಕಾಕಾನ ಮಾರಿ ಇಳೀತು. "ದೇವರು ಬಿಟ್ಟಹೋತು ಇವನ್ನ" ಅಂದ.

ವೈನಿ ಒಲಿ ಮುಂದಿಂದನ ಅಂದ್ಲು, "ಹೋಗಲಿ ಬಿಡ್ರಿ ಮಾವ. ನನ್ನ ಗಂಡ ಬಂದಾನ."

ಅಷ್ಟ ನೋಡ್ರಿ. ಒದರೂ ಮನಷ್ಯಾ ಕಂಡ್ರ ನಗೂದೂ ಬ್ಯಾಡ, ಕೈ ಮುಗಿಯೂದೂ ಬ್ಯಾಡ. ಮಗ್ಗಲಕ ಕುಂತು, ಏನಾತೋ ಅಂತ ಕೇಳ್ರಿ. ಹೂಂ, ಏಳ್ರಿ ಈಗ, ನನ್ನ ಕಾಲ ಜುಮುಜುಮು ಅನ್ನಾಕತ್ತಾವ.