ನಮ್ಮ ಬನ್ನಿ

ಧಾರವಾಡದ ಸಸ್ಯೋದ್ಯಾನದ ಗೇಟಿನ ಮುಂದೆ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ತೋಟ ಸುತ್ತಿ ದಣಿದ ಇಬ್ಬರು ಹಿರಿಯ ಹೆಂಗಸರು ಪಕ್ಕದ ಕಟ್ಟೆಯ ಮೇಲೆ ಬಂದು ಕುಳಿತರು. ಒಬ್ಬರ ಕಾಲ ಬಳಿ ಪ್ರಯಾಣದ ಚೀಲವಿತ್ತು.

"ವತ್ಸಲಾ, ಆ ಬನ್ನಿ ಗಿಡದ ಬೋರ್ಡು ಖರೇ ಇದ್ದೀತೇನ?" ಚೀಲದಾಕೆ ಕೇಳಿದರು.

"ಇಷ್ಟು ದೊಡ್ಡ ತೋಟದವರು ಸುಳ್ಳ ಯಾಕ ಬರೀತಾರ, ಕುಮುದಾ? ಬನ್ನಿ ಎಲಿ ಹುಣಸಿ ಎಲಿಹಂಗ ಸಣ್ಣದು."

"ಹಂಗಾದರ ನಾವು ಸಣ್ಣವರಿದ್ದಾಗ ದಸರಾಕ್ಕ ನಮ್ಮ ಹಿತ್ತಲದಾಗ ಹರಕೊಂಡು ಮನಿಮನಿಗೆ ಕೊಟ್ಟಿದ್ದು?"

"ನಡುವ ಸೀಳಿದ ಎಲಿ. ಆ ಗಿಡಕ್ಕ ಬ್ಯಾರೇ ಹೆಸರು ಬರದಾರ. ನಿಮ್ಮ ಅಜ್ಜಿ ಬನ್ನಿ ಅಂದ್ರು, ನಾವೂ ಅಂದ್ವಿ."

"ಬಂಗಾರದ್ಹಂಗ ಇರೋಣು ಅಂತ ನಿನಗ ಕೊಟ್ಟಿದ್ದೆ. ಮರುದಿನಾನ ಜಗಳಾಡಿ ಮಾತು ಬಿಟ್ಟಿ."

"ನಾ ಬಿಟ್ಟೆನೋ, ನೀ ಬಿಟ್ಟ್ಯೋ?"

"ನನ್ನ ಮದುವಿಗೂ ಬರಲಿಲ್ಲ ನೀ."

"ನೀ ಕರದಿದ್ದ್ಯೇನು?"

ಕುಮುದಾ ಚೀಲವನ್ನು ಹತ್ತಿರ ಎಳೆದುಕೊಂಡರು.

"ತಪ್ಪು ನಮ್ಮದಲ್ಲ ಬಿಡು," ಎಂದರು ವತ್ಸಲಾ. "ಎಲೀದು. ಬನ್ನಿನ ಅಲ್ಲದ್ದು ಕೊಟ್ಟು ಬಂಗಾರದ್ಹಂಗ ಇರೋಣು ಅಂದ್ರ ಹೆಂಗ ಇರ್ತೀವಿ?"

ಇಬ್ಬರೂ ನಕ್ಕರು. ಬಸ್ಸು ಬಂತು. ಕುಮುದಾ ಚೀಲ ಎತ್ತಿಕೊಂಡು, ಮುಷ್ಟಿ ಬಿಚ್ಚಿದರು.

"ಹಿಡಿ. ಹರದಿದ್ದಲ್ಲ, ಗಿಡದ ಕೆಳಗ ಬಿದ್ದಿತ್ತು."

"ಏ, ಇದು ಸೀಳಿದ ಎಲಿ! ಬನ್ನಿ ಅಲ್ಲಲ್ಲ!"

"ಗೊತ್ತದ. ನಮ್ಮ ಬನ್ನಿ ಇದ."

"ದಸರಾ ಇನ್ನೂ ದೂರ ಅದ."

"ನಾ ಪುಣೆಕ್ಕ ಹೋಗೋದು ದೂರ ಇಲ್ಲಲ್ಲ."

ವತ್ಸಲಾ ಎರಡೂ ಕೈ ಚಾಚಿ ಎಲೆ ಇಸಕೊಂಡರು.

"ಬಂಗಾರದ್ಹಂಗ ಇರೋಣು. ಈಗ ಲಗೂ ಹತ್ತು, ಹುಬ್ಬಳ್ಯಾಗ ನಿನ್ನ ರೈಲು ತಪ್ಪತದ."