ಸೊಪ್ಪು ನಿಲ್ಲದ ಇಪ್ಪತ್ತೈದು ದಿನ

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಹೊಲ ಗದ್ದೆಯ ಶ್ರೀಮಂತ ಅಂದುಕೊಳ್ಳಬೇಡಿ, ಆತ ಹೆಸರಿನ ಶ್ರೀಮಂತ. ರೇಷ್ಮೆ ಸಂಶೋಧನಾ ಕೇಂದ್ರದ ದೊಡ್ಡ ವಿಜ್ಞಾನಿ. ಹೋದಲ್ಲೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ. ಅವನ ಹೆಸರೇನು ಬುದ್ಧಿ ಎಂದು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಜಾತಿ ಹುಡುಕುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಮಠಕ್ಕೆ ಬಂದ ನಿಮ್ಮಲ್ಲಿ ರೇಷ್ಮೆಹುಳು ಸಾಕಿದವರು ಅರ್ಧಕ್ಕರ್ಧ ಇದ್ದೀರಿ. ಉಳಿದವರಿಗಾಗಿ ಹೇಳುತ್ತೇನೆ. ಹುಳುವಿಗೆ ಹಾಲುತೊಂಡೆ ಎಂಬ ರೋಗ ಬರುತ್ತದೆ. ಮೈ ಊದುತ್ತದೆ, ಚರ್ಮ ಒಡೆಯುತ್ತದೆ, ಹಾಲಿನಂಥ ನೀರು ಸೋರುತ್ತದೆ. ಒಂದು ಹುಳುವಿಗೆ ಬಂದರೆ ತಟ್ಟೆಗೆ ತಟ್ಟೆಯೇ ಹೋಯಿತು. ಅದನ್ನು ತಡೆಯಲು ಮನೆ ತೊಳೆಯಬೇಕು, ಸುಣ್ಣ ಉದುರಿಸಬೇಕು, ಕಾಯಿಲೆಯ ಹುಳುವನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ಸೊಂಟ ಬಿದ್ದುಹೋಗುವ ಕೆಲಸ. ಈ ವಿಜ್ಞಾನಿ ಹೇಳಿದ: ಅದೆಲ್ಲ ಬೇಡ, ನಾನೊಂದು ಗಿಡದ ರಸ ಕಂಡುಹಿಡಿದಿದ್ದೇನೆ, ಹಿಪ್ಪುನೇರಳೆ ಸೊಪ್ಪಿಗೆ ಚಿಮುಕಿಸಿ ಹಾಕಿ, ನೂರು ಹುಳುವಿನಲ್ಲಿ ತೊಂಬತ್ತಾರು ಗೂಡು ಕಟ್ಟುತ್ತವೆ. ವಿಜ್ಞಾನದ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದಿನ ವರ್ಷದಿಂದ ಊರೂರಿಗೆ ಈ ರಸ ಹಂಚುವುದೆಂದು ಮಾತಾಯಿತು. ಇನ್ನು ಸುಣ್ಣ ಯಾರು ಉದುರಿಸುತ್ತಾರೆ?

ನಿಜವಾಗಿ ನಡೆದದ್ದೇನು ಕೇಳಿ. ಮೊದಲ ಸಲ ಸಾಕಿದಾಗ ಬೆಳೆ ಚೆನ್ನಾಗಿಯೇ ಬಂದಿತ್ತು. ಆ ಸಲ ಆ ಊರಲ್ಲಿ ರೋಗವೇ ಇರಲಿಲ್ಲ, ಬರೀ ಸೊಪ್ಪು ತಿಂದ ಹುಳುವೂ ಚೆನ್ನಾಗಿಯೇ ಇತ್ತು. ವಿಜ್ಞಾನದ ನಿಯಮ ಏನು? ಇನ್ನೂ ಮೂರು ಸಲ ಸಾಕಿ ನೋಡು. ಇವನಿಗೆ ಪುರುಸೊತ್ತೆಲ್ಲಿದೆ, ಶಾಲು ಕಾಯುತ್ತಿದೆಯಲ್ಲ! ‘ನಿಜ ನನಗೆ ಗೊತ್ತೇ ಇದೆ, ಬೇಕಾದ್ದು ಬರೀ ಅಂಕಿ’ ಎಂದುಕೊಂಡ. ಕುರ್ಚಿಯಲ್ಲಿ ಕೂತು, ಸಾಕದ ಹುಳುವಿನ ದಿನಚರಿ ಬರೆದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೀರಿ. ಇವನು ಹುಟ್ಟದ ಕೂಸಿಗೆ ಮದುವೆಯನ್ನೇ ಮಾಡಿಬಿಟ್ಟ. ನೋಡಿ, ಮೋಸಗಾರ ಮೊದಲ ಸುಳ್ಳನ್ನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅದು ದಕ್ಕಿತು ಅಂದರೆ ಊರಿಗೆ ಹೇಳುವುದು ಕಷ್ಟವೇ ಅಲ್ಲ.

ಅವನ ಹತ್ತಿರ ಒಬ್ಬ ಶಿಷ್ಯೆ. ಡಾಕ್ಟರೇಟ್ ಪದವಿಗೆ ಓದುತ್ತಿದ್ದ ಹುಡುಗಿ, ನಾಲ್ಕು ವರ್ಷವಾಗಿತ್ತು. ಗುರು ಕಂಡುಹಿಡಿದ ರಸದ ಮೇಲೆಯೇ ಅವಳ ಪ್ರಬಂಧ. ಬಹುಪಾಲು ಬರೆದಾಗಿತ್ತು, ಗುರು ಮಾಡಿದ ಪ್ರಯೋಗವನ್ನು ತಾನೂ ಇನ್ನೊಮ್ಮೆ ಮಾಡಿ ಸೇರಿಸುವುದೊಂದೇ ಬಾಕಿ. ಮಾಡಿದಳು. ನೂರಕ್ಕೆ ನಲವತ್ತು ಹುಳು ಸತ್ತವು. ಇನ್ನೊಮ್ಮೆ ಮಾಡಿದಳು. ಮತ್ತೆ ನಲವತ್ತು. ಅಳುತ್ತ ಗುರುವಿನ ಮುಂದೆ ನಿಂತಳು.

ಗುರು ಹೇಳಿದ, “ನಿನ್ನ ಕೈಗುಣ ಸರಿಯಿಲ್ಲ ಕಣಮ್ಮ. ನನ್ನ ದಿನಚರಿ ಪುಸ್ತಕ ತಗೊಂಡು ಹೋಗು. ಅದರಲ್ಲಿರೋ ಹಾಗೆ ಮಾಡು.”

ಎಷ್ಟು ಧೈರ್ಯ ನೋಡಿ! ಕಳ್ಳ ತಾನೇ ಕನ್ನಗತ್ತರಿ ತೆಗೆದು ಕೈಗೆ ಕೊಟ್ಟ. ಯಾಕೆ ಕೊಟ್ಟ? ಗುರುವಿನ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆಯೇ ಹೊರತು ಯಾರೂ ಓದುವುದಿಲ್ಲ ಎಂಬ ಭರವಸೆ. ಆ ಹುಡುಗಿಯೂ ಕಣ್ಣಿಗೊತ್ತಿಕೊಂಡೇ ತೆಗೆದುಕೊಂಡಳು.

ಹುಳುಮನೆಯಲ್ಲಿ ಇಪ್ಪತ್ತು ವರ್ಷದಿಂದ ಸೊಪ್ಪು ಹಾಕುತ್ತಿದ್ದ ಒಬ್ಬ ಹೆಂಗಸಿದ್ದಳು. ಅಕ್ಷರ ಬಾರದು. ತಾನು ಎಲ್ಲಿ ತಪ್ಪಿದ್ದೇನೆ ಎಂದು ತಿಳಿಯಲು ಹುಡುಗಿ ಅವಳ ಮುಂದೆ ಕೂತು ಪುಸ್ತಕ ಓದಿದಳು. ಹದಿನೈದನೇ ದಿನ ಇಷ್ಟು ಸೊಪ್ಪು, ಹದಿನಾರನೇ ದಿನ ಇಷ್ಟು, ಹದಿನೇಳನೇ ದಿನ ಇನ್ನೂ ಸ್ವಲ್ಪ ಜಾಸ್ತಿ.

ಆ ಹೆಂಗಸು ಕೈ ಅಡ್ಡ ಹಿಡಿದಳು. “ತಡಿಯಮ್ಮ. ಜ್ವರ ಯಾವತ್ತು ಬಂತು?”

ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಜ್ವರ ಅನ್ನುತ್ತಾರೆ. ಆಗ ಹುಳು ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಒಂದು ಎಲೆಯನ್ನೂ ಮುಟ್ಟುವುದಿಲ್ಲ. ನಾಲ್ಕನೇ ಜ್ವರದಲ್ಲಂತೂ ಇಡೀ ದಿನ ಉಪವಾಸ.

“ಇದರಲ್ಲಿ ಜ್ವರ ಬರೆದಿಲ್ಲ,” ಎಂದಳು ಹುಡುಗಿ.

“ಬರೀದಿದ್ರೆ ಹೋಗ್ಲಿ. ಸೊಪ್ಪು ಯಾವತ್ತು ನಿಲ್ಸವ್ರೆ, ಅದ ನೋಡು.”

ಹುಡುಗಿ ಹಾಳೆ ಮಗುಚಿದಳು. ಮತ್ತೆ ಮೊದಲಿಂದ ಮಗುಚಿದಳು. ಇಪ್ಪತ್ತೈದು ದಿನ. ಒಂದು ದಿನವೂ ಸೊಪ್ಪು ನಿಂತಿರಲಿಲ್ಲ!

“ಜ್ವರಕ್ಕೆ ಕೂತ ಹುಳ ಸೊಪ್ಪು ತಿಂತದೇನಮ್ಮ?” ಎಂದಳು ಆ ಹೆಂಗಸು. “ಇದು ಸಾಕಿ ಬರ್ದಿದ್ದಲ್ಲ ಬುಡು.”

ಅಚ್ಚಿಗೆ ಮೊದಲು ದೊಡ್ಡ ದೊಡ್ಡ ಪಂಡಿತರು ಓದಿ ಒಪ್ಪಿದ್ದರು. ಅವರ ಕೈಗೆ ಹೋದದ್ದು ಕೊನೆಯ ಲೆಕ್ಕ ಮಾತ್ರ, ನೂರಕ್ಕೆ ತೊಂಬತ್ತಾರು. ದಿನದಿನದ ಲೆಕ್ಕ ತೋರಿಸಪ್ಪ ಎಂದು ಯಾರೂ ಕೇಳಿರಲಿಲ್ಲ. ಇನ್ನು ಆ ವಿಜ್ಞಾನಿ, ತಟ್ಟೆಯ ಮುಂದೆ ನಿಂತು ಎಷ್ಟು ವರ್ಷವಾಗಿತ್ತೋ, ಹುಳು ಉಪವಾಸ ಕೂರುತ್ತದೆ ಎಂಬುದು ಪೆನ್ನು ಹಿಡಿದ ಕೈಗೆ ನೆನಪಾಗಲಿಲ್ಲ.

ಹುಡುಗಿ ಪುಸ್ತಕ ಹಿಡಿದು ಗುರುವಿನ ಕೋಣೆಗೆ ಹೋದಳು. ಅವನು ಮೊದಲು ಬೈದ. ಆಮೇಲೆ ಬಾಗಿಲು ಹಾಕಿ ಮೆತ್ತಗೆ ಹೇಳಿದ, “ನಿನ್ನ ನಾಲ್ಕು ವರ್ಷ ಇದೇ ಪುಸ್ತಕದ ಮೇಲೆ ನಿಂತಿದೆ. ಇದನ್ನ ನೀನು ಎಳೆದ್ರೆ ಮೊದಲು ಬೀಳೋಳು ನೀನೇ. ಮುಂದಿನ ತಿಂಗಳು ಪದವಿ. ಯೋಚನೆ ಮಾಡು.”

ಸುಳ್ಳು ಹೇಳಿದನೇ? ಇಲ್ಲ. ಅವನು ಆ ವರ್ಷ ಹೇಳಿದ ಒಂದೇ ನಿಜ ಅದು. ತಾಯಂದಿರೇ, ನಿಮ್ಮ ಮಗಳಾಗಿದ್ದರೆ ಏನು ಹೇಳುತ್ತಿದ್ದಿರಿ? ‘ನಿನಗ್ಯಾಕೆ ಊರ ಉಸಾಬರಿ, ಪದವಿ ತಗೊಂಡು ಬಾ’ ಅನ್ನುತ್ತಿದ್ದಿರಿ. ಅವಳ ತಾಯಿಯೂ ಅದನ್ನೇ ಅಂದಳು.

ಹುಡುಗಿ ಮೂರು ದಿನ ಊಟ ಬಿಟ್ಟಳು. ನಾಲ್ಕನೇ ದಿನ ಒಂದು ಕೆಲಸ ಮಾಡಿದಳು. ದೂರದ ಎರಡು ಕೇಂದ್ರಗಳಿಗೆ ಎರಡೆರಡು ಬಾಟಲಿ ಕಳಿಸಿದಳು. ಒಂದರಲ್ಲಿ ಗುರುವಿನ ರಸ, ಇನ್ನೊಂದರಲ್ಲಿ ಬಣ್ಣದ ನೀರು. ಯಾವುದು ಯಾವುದೆಂದು ಬರೆದು ಮೊಹರು ಹಾಕಿದ ಲಕೋಟೆಯಲ್ಲಿಟ್ಟಳು. ಹುಳು ಸಾಕಿದವರಿಗೂ ಗೊತ್ತಿಲ್ಲ, ಎಣಿಸಿದವರಿಗೂ ಗೊತ್ತಿಲ್ಲ. ಎಂಥ ವ್ರತ ನೋಡಿ! ನನ್ನ ಆಸೆ, ನನ್ನ ಸಿಟ್ಟು ಎರಡೂ ಒಳಗೆ ಬರಬಾರದು ಎಂದು ಬಾಗಿಲಿಗೆ ಚಿಲಕ ಹಾಕಿದಳು. ತಿಂಗಳಾದ ಮೇಲೆ ಲಕೋಟೆ ಒಡೆದರು. ರಸದ ತಟ್ಟೆಯಲ್ಲೂ ಅಷ್ಟೇ ಹುಳು ಸತ್ತಿದ್ದವು, ನೀರಿನ ತಟ್ಟೆಯಲ್ಲೂ ಅಷ್ಟೇ. ಆ ಲೆಕ್ಕ, ಗುರುವಿನ ದಿನಚರಿ ಎರಡನ್ನೂ ಹುಡುಗಿ ಪತ್ರಿಕೆಗೆ ಕಳಿಸಿದಳು.

ಯಾವ ಪತ್ರಿಕೆ ಹೊಗಳಿ ಅಚ್ಚು ಹಾಕಿತ್ತೋ ಅದೇ ಪತ್ರಿಕೆ ‘ಈ ಬರಹ ನಂಬಬೇಡಿ, ಹಿಂದಕ್ಕೆ ಪಡೆದಿದ್ದೇವೆ’ ಎಂದು ಅಚ್ಚು ಹಾಕಿತು. ವಿಜ್ಞಾನಿಯ ಹುದ್ದೆ ಹೋಯಿತು. ಹುಡುಗಿಯ ನಾಲ್ಕು ವರ್ಷವೂ ಹೋಯಿತು. ಯಾರೂ ಅವಳಿಗೆ ಶಾಲು ಹೊದಿಸಲಿಲ್ಲ. ಬೇರೆ ಗುರು, ಬೇರೆ ವಿಷಯ, ಮೊಟ್ಟೆಯಿಂದ ಮೊದಲು ಮಾಡಿದಳು. ಆದರೆ ಆ ವರ್ಷ ಒಂದು ಊರಲ್ಲೂ ಸುಣ್ಣ ಉದುರಿಸುವುದು ನಿಲ್ಲಲಿಲ್ಲ, ಯಾರ ತಟ್ಟೆಯೂ ಆ ರಸ ನಂಬಿ ಕೊಳೆಯಲಿಲ್ಲ. ನನಗೆ ಅವಳ ಮೇಲೆ ಬಹಳ ಪ್ರೀತಿ.

ಇಲ್ಲಿ ಕೆಲವರು ಮುಸಿಮುಸಿ ನಗುತ್ತಿದ್ದೀರಿ. ‘ಕಂಡಿರಾ, ವಿಜ್ಞಾನದವರೂ ಸುಳ್ಳರೇ’ ಅಂತ ತಾನೆ? ಅಯ್ಯಾ, ಹಿಡಿದವರು ಯಾರು? ಪೊಲೀಸರು ಹಿಡಿದರೇ? ನಾನು ಹಿಡಿದೆನೇ? ಅದೇ ಮನೆಯ ಹುಡುಗಿ ಹಿಡಿದಳು, ಅದೇ ಮನೆಯ ಪದ್ಧತಿಯಿಂದ ಹಿಡಿದಳು. ಸುಳ್ಳು ಎಲ್ಲ ಮನೆಯಲ್ಲೂ ಹುಟ್ಟುತ್ತದೆ. ಇನ್ನೊಮ್ಮೆ ಮಾಡಿ ತೋರಿಸು ಅನ್ನುವ ಮನೆಯಲ್ಲಿ ಅದು ಬಾಳುವುದಿಲ್ಲ. ಸತ್ಯಕ್ಕೇ ಜಯ ಅಂತ ಗೋಡೆಯ ಮೇಲೆ ಬರೆಸಿದ್ದೀರಿ, ಸಂತೋಷ. ಸತ್ಯ ಗೋಡೆಯಿಂದ ಇಳಿದು ಬರುವುದಿಲ್ಲ. ಯಾರಾದರೂ ಹುಳು ಸಾಕಬೇಕು.

ಈಗ ನಮ್ಮ ಮನೆಗೆ ಬರೋಣ. ಕಳೆದ ಸೋಮವಾರ ಇದೇ ಪೀಠದಲ್ಲಿ ಕೂತು ನಾನೇನು ಹೇಳಿದೆ? ಹಾಗಲಕಾಯಿ ರಸ ಕುಡಿಯಿರಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಬಿಡಬಹುದು ಎಂದೆ. ಅದು ತಪ್ಪು. ಮುಂದಿನ ಸಾಲಿನಲ್ಲಿ ಇಬ್ಬರು ಡಾಕ್ಟರು ಕೂತಿದ್ದಿರಿ. ತಲೆಯಾಡಿಸಿದಿರಿ, ಪಾದ ಮುಟ್ಟಿದಿರಿ, ಪ್ರಸಾದ ತಗೊಂಡು ಹೋದಿರಿ. ಮಾರನೆಯ ದಿನ ಒಬ್ಬ ನರ್ಸಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, “ಬುದ್ಧಿ, ತಪ್ಪು ತಿಳ್ಕೋಬ್ಯಾಡಿ, ನೀವು ಹೇಳಿದ್ದು ಕೇಳಿ ನಮ್ಮ ಬೀದಿ ಅಜ್ಜಿ ಮಾತ್ರೆ ನಿಲ್ಸವ್ರೆ,” ಅಂದಳು. ನನಗೆ ಮೊದಲು ಸಿಟ್ಟೇ ಬಂತು, ಮುಚ್ಚಿಡುವುದಿಲ್ಲ. ಆಮೇಲೆ ನಾಚಿಕೆಯಾಯಿತು. ಆ ಅಜ್ಜಿಯ ಮನೆಗೆ ನಾನೇ ಹೋಗಿ ಮಾತ್ರೆ ನುಂಗಿಸಿ ಬಂದೆ. ನಿಮ್ಮಲ್ಲಿ ಇನ್ನು ಯಾರು ನಿಲ್ಲಿಸಿದ್ದೀರಿ? ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ.

ಇನ್ನು ಮೇಲೆ ಹೀಗೆ ಮಾಡಿ. ಮನೆಯಲ್ಲಿ ಸೊಸೆಯೋ ಮಗನೋ ‘ಅದು ಹಾಗಲ್ಲ’ ಎಂದಾಗ ‘ನನಗೇ ಬುದ್ಧಿ ಹೇಳ್ತೀಯಾ’ ಅನ್ನಬೇಡಿ. ‘ಹೇಗೆ, ತೋರಿಸು’ ಅನ್ನಿ. ಮೊಬೈಲಿನಲ್ಲಿ ಬಂದ ಮದ್ದನ್ನು ಹತ್ತು ಜನಕ್ಕೆ ಕಳಿಸುವ ಮೊದಲು ತಿಳಿದ ಒಬ್ಬರನ್ನು ಕೇಳಿ. ತಪ್ಪು ಹೇಳಿದ್ದರೆ, ಯಾರ ಮುಂದೆ ಹೇಳಿದಿರೋ ಅವರ ಮುಂದೆಯೇ ತಿದ್ದಿ, ಅಡುಗೆಮನೆಯಲ್ಲಿ ಪಿಸುಗುಟ್ಟಬೇಡಿ. ನನ್ನ ಪಾದ ಮುಟ್ಟುವುದಿದ್ದರೆ ಮುಟ್ಟಿ, ಆದರೆ ನಾನು ತಪ್ಪಿದ್ದನ್ನು ಮೊದಲು ಹೇಳಿ ಆಮೇಲೆ ಮುಟ್ಟಿ.

ಮಂಗಳಾರತಿ ಸ್ವಲ್ಪ ತಡವಾಗಲಿ. ಡಾಕ್ಟರೇ, ಇವತ್ತು ನಾನು ಹೇಳಿದ್ದರಲ್ಲಿ ಏನು ತಪ್ಪಿದೆ? ಮೈಕ್ ತಗೊಳ್ಳಿ, ಎದ್ದು ನಿಂತು ಹೇಳಿ.