ಹೆರಿಗೆ ಕೋಣೆಯ ಗುಂಡು ಮೂಲೆ

…ಒಂದೇ ಒಂದು ಮಾತು ಕಣೇ. ಹೆಲ್ಪರ್ ಅಂತ ಹೇಳ್ಬಿಡು. ಗಂಡನ ಜೊತೆ ಬರ್ತೀನಿ, ಕೇಳಿದ್ದು ಎತ್ತಿಕೊಡ್ತೀನಿ, ಅಷ್ಟೇ ಸಾರ್ ಅನ್ನು. ನಿನ್ನ ಗಂಟೇನು ಹೋಗುತ್ತೆ? ಆ ಕರಣೆ ಒಂದು ನಿಮಿಷ ಕೆಳಗಿಟ್ಟು ನನ್ನ ಕಡೆ ನೋಡ್ಬಾರದಾ? ಕೂಲಿ ತನಿಖೆಗೆ ಬಂದಿರೋ ಲೇಬರ್ ಸಾಹೇಬ್ರು ಕೆಳಗಿನ ಮಹಡೀಲೇ ಇದ್ದಾರೆ. ಬಡಗಿಗಳನ್ನ ಒಬ್ಬೊಬ್ಬರನ್ನೇ ನಿಲ್ಲಿಸಿ, ನೀನೇನು ಕೆಲಸ ಮಾಡ್ತೀಯ ಅಂತ ವಿಚಾರಿಸ್ತಿದ್ದಾರೆ. ಅವರದ್ದು ಮುಗೀತು ಅಂದ್ರೆ ಮೆಟ್ಟಿಲು ಹತ್ತಿ ಸೀದಾ ಈ ಹೆರಿಗೆ ಕೋಣೆಗೇ ಬರೋದು.

ನನಗೂ ಗೊತ್ತು ಕಣೇ ರೂಲ್ಸು. ಗೇಟಿನ ಹತ್ರ ಅಷ್ಟು ದೊಡ್ಡ ಬೋರ್ಡು ಹಾಕಿದಾರೆ, ನಾನೇನು ಕುರುಡನಾ? ಸರ್ಕಾರದ ದುಡ್ಡಲ್ಲಿ ಆಸ್ಪತ್ರೆ ಕಟ್ಟೋವಾಗ, ಊರಲ್ಲಿ ಯಾವ ಕೆಲಸಕ್ಕೆ ಎಷ್ಟು ಕೂಲಿ ನಡೀತಿದೆಯೋ ಅಷ್ಟು ಕೊಡಲೇಬೇಕು. ಮೇಸ್ತ್ರಿ ಕೆಲಸ ಮಾಡಿದೋರಿಗೆ ಮೇಸ್ತ್ರಿ ಕೂಲಿ, ಹೆಲ್ಪರಿಗೆ ಹೆಲ್ಪರ್ ಕೂಲಿ. ಕಂಟ್ರಾಕ್ಟರು ಏನಂತ ಬರ್ಕೊಂಡಿದ್ರೂ ಲೆಕ್ಕಕ್ಕಿಲ್ಲ, ಕೈಯಲ್ಲಿ ಯಾವ ಕೆಲಸ ನಡೀತಿದೆ ಅಂತ ನೋಡ್ತಾರಂತೆ. ಓದೋಕೆ ಚೆನ್ನಾಗಿದೆ. ಆದ್ರೆ ಬೋರ್ಡು ನಮಗೆ ಕೆಲಸ ಕೊಡುತ್ತಾ? ಕೊಡೋನು ಕಂಟ್ರಾಕ್ಟರು. ಅವನು ಬೆಳಿಗ್ಗೆ ನನ್ನ ಪಕ್ಕಕ್ಕೆ ಕರೆದು, ನಿನ್ನ ಹೆಂಡತಿ ಬಾಯಿ ಬಿಟ್ರೆ ನಾಳೆಯಿಂದ ಇಬ್ಬರೂ ಬರೋದು ಬೇಡ ಅಂದ. ಮುಖಕ್ಕೆ ಹೊಡೆದ ಹಾಗೆ ಅಂದ. ಆಮೇಲೆ ಏನು ಮಾಡೋದು, ಮಣ್ಣು ತಿನ್ನೋದಾ?

ಯಾಕೆ ನಗ್ತೀಯ? ಇದು ನಗೋ ವಿಷಯಾನಾ?

ಹೂಂ, ಗೊತ್ತು. ಈ ಮೂಲೆ ನೋಡಿದ ತಕ್ಷಣ ಕೇಳೇ ಕೇಳ್ತಾರೆ, ಯಾರು ಮಾಡಿದ್ದು ಅಂತ. ಈ ಡಾಕ್ಟರುಗಳಿಗೂ ಬೇರೆ ಕೆಲಸ ಇಲ್ಲ! ಗೋಡೆ ನೆಲ ಕೂಡೋ ಕಡೆ ಚೂಪು ಇರಬಾರದಂತೆ, ಗುಂಡಗಿರಬೇಕಂತೆ. ಇಲ್ದಿದ್ರೆ ಕೊಳೆ ಕೂತು ಬಾಣಂತಿಗೆ ನಂಜಾಗುತ್ತಂತೆ. ನಮ್ಮಮ್ಮ ನನ್ನ ಹೆತ್ತಿದ್ದು ಯಾವ ಗುಂಡು ಮೂಲೇಲಿ? …ಆಯ್ತು, ಆಯ್ತು. ನಿಮ್ಮಕ್ಕ ಹೆರಿಗೆ ನಂಜಲ್ಲೇ ಹೋಗಿದ್ದು, ನಾನು ಮರೆತಿಲ್ಲ. ಅದಕ್ಕೇ ತಾನೇ ನೀನು ಇದನ್ನ ಇಷ್ಟು ತಿದ್ದಿ ತೀಡ್ತಿರೋದು. ತಿದ್ದು, ಬೇಡ ಅಂದೋರು ಯಾರು?

ಕೇಳಿದ್ರೆ ನಾನು ಮಾಡಿದ್ದು ಅಂತೀನಿ. ಮುಗೀತು. ಎಷ್ಟೋ ಮನೆ ಪ್ಲಾಸ್ಟರ್ ಮಾಡಿದ ಕೈ ಇದು, ಒಂದು ಮೂಲೆ ತಿದ್ದೋಕೆ ಬರಲ್ವಾ? …ಏನು ಹಾಗೆ ನೋಡ್ತೀಯ? ಸಾಹೇಬ್ರು ಮಾಡಿ ತೋರಿಸು ಅಂದ್ರೆ ಏನ್ಮಾಡ್ತೀಯ ಅಂತಾನಾ? ಅನ್ನಬಹುದು. ಪೈಂಟರಿಗೆ ಹಾಗೇ ಅಂದ್ರಂತೆ. ಕೊಡು ಇಲ್ಲಿ ಕರಣೆ. ಕೊಡೇ! ಒಂದು ಗೇಣು ಮಾಡಿ ನೋಡ್ತೀನಿ. ನೀನು ಪಕ್ಕದಲ್ಲಿ ನಿಂತು ಹೇಳ್ತಾ ಹೋಗು, ಸಾಕು.

ಮೊದಲು ನೀರು ಚಿಮುಕಿಸಬೇಕಾ? ಹೇಳು… ಸರಿ ಬಿಡು, ಚಿಮುಕಿಸ್ತೀನಿ. ಗಾರೆ ಹೀಗೆ ಒತ್ತಿ… ಮೇಲಿಂದ ಎಳೆಯೋದಾ, ಕೆಳಗಿಂದ ತಳ್ಳೋದಾ? ಬಾಯಿಗೇನು ಬೀಗ ಹಾಕ್ಕೊಂಡಿದೀಯಾ? ಥತ್, ಜಾರಿತು. ನೀರು ಜಾಸ್ತಿ ಆಯ್ತು ಅನ್ಸುತ್ತೆ. ಇನ್ನೊಂದು ಸಲ. …ಥೂ! ಇದೆಂಥ ಕೆಲಸಾನೇ, ನಿನ್ನ ಕೈಗೆ ಬೆಕ್ಕಿನ ಮರಿ ಹಾಗೆ ಸುಮ್ಮನೆ ಕೂತ್ಕೊಳ್ಳುತ್ತೆ, ನನ್ನ ಕೈಗೆ ಬಂದ ತಕ್ಷಣ ಸೊಟ್ಟ! ಆ ಬಾಗಿಲಿಂದ ಈ ಕಿಟಕಿವರೆಗೂ ಒಂದೇ ಸಮ ಹೇಗೆ ಎಳೆದ್ಯೇ ನೀನು?

ಮಾತಾಡು ಮಾರಾಯ್ತಿ. ಬೈಯೋದಾದ್ರೂ ಬೈ. ನಾನೇನು ಮಾಡ್ಲಿ ಹೇಳು? ನಿನ್ನ ಹೆಲ್ಪರ್ ಅಂತ ಬರ್ಕೊಂಡಿದ್ದು ಕಂಟ್ರಾಕ್ಟರು. ನಾನಲ್ಲ, ಅವನೇ. ಹೆಂಗಸು ಅಂದ್ರೆ ಹೆಲ್ಪರ್, ಅಷ್ಟೇ ಅವನ ತಲೇಲಿರೋದು. ಒಂದು ಮಾತು ಕೇಳದೆ ಬರ್ಕೊಂಡುಬಿಟ್ಟ…

ಕೇಳದೆ ಅಂದ್ರೆ… ಕೇಳಿದ. ಏನೋ ಕೇಳಿದ ಅಂತಿಟ್ಕೋ. ಹಾಗೆ ನೋಡ್ಬೇಡ ನನ್ನ. ನೀನು ಆ ಕಡೆ ಮರಳು ಜರಡಿ ಹಿಡೀತಿದ್ದೆ, ಅಷ್ಟು ದೂರಕ್ಕೆ ನಿನಗೆ ಕೇಳಿಸಿರೋಕೆ ಸಾಧ್ಯಾನೇ ಇಲ್ಲ.

…ಕೇಳಿಸಿತ್ತಾ?

ಅವತ್ತಿಂದ ಗೊತ್ತಿದ್ದೂ ಸುಮ್ಮನಿದ್ಯಾ? ದಿನಾ ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ಕೊಂಡು?

ಇವಳನ್ನೂ ಮೇಸ್ತ್ರಿ ಅಂತಲೇ ಹಾಕ್ಲಾ, ಹಿಂದಿನ ಸೈಟಲ್ಲಿ ನೋಡಿದ್ದೀನಿ, ನಿನಗಿಂತ ಇವಳ ಕೈಯೇ ವಾಸಿ ಅಂದ ಅವನು. ತಮಾಷೆಗೆ ಅಂದ್ನೋ, ನಿಜಕ್ಕೇ ಅಂದ್ನೋ. ಸುತ್ತ ಇದ್ದೋರೆಲ್ಲ ನಕ್ಕರು ಕಣೇ. ನನಗೆ ಮೈಯೆಲ್ಲ ಉರಿದುಹೋಯ್ತು. ಹೆಲ್ಪರ್ ಅಂತಲೇ ಬರ್ಕೊಳ್ಳಿ ಅಂದುಬಿಟ್ಟೆ. ಅವನಿಗೇನು, ಕೂಲಿ ಉಳೀತು, ಖುಷಿಯಾಗಿ ಬರ್ಕೊಂಡ. ನಾನೇ ಅಂದಿದ್ದು. ನಾನೇ.

ಈಗ್ಲೂ ಏನೂ ಅನ್ನಲ್ವಾ? …ಬಂದ್ರು, ಮೆಟ್ಟಿಲ ಮೇಲೆ ಸದ್ದು. ಏನು ಹೇಳ್ತೀಯ ಅವರಿಗೆ? ನಿನ್ನೇ ಕೇಳ್ತಿರೋದು, ಏನು ಹೇಳ್ತೀಯ?

ನಮಸ್ಕಾರ ಸಾರ್. ಬನ್ನಿ, ಹುಷಾರು, ಆ ಕಡೆ ಇನ್ನೂ ಹಸಿ ಇದೆ. ಈ ಸೊಟ್ಟ ಇರೋದಾ? ಅದು ನಂದು ಸಾರ್. ಅದೊಂದು ಬಿಟ್ಟು ಉಳಿದಿದ್ದು… ಅವಳನ್ನ ಕೇಳ್ಬೇಡಿ, ಅವಳು ಹೇಳಲ್ಲ. ನನ್ನನ್ನೇ ಕೇಳಿ. ಈ ಕೋಣೇಲಿ ಮೇಸ್ತ್ರಿ ಅವಳು ಸಾರ್. ಗಾರೆ ಕಲಸಿಕೊಡೋನು ನಾನು.